ಕೆಲಸಕ್ಕೆ ತೆಗೆದುಕೊಳ್ಳುವಾಗ ‘ನಿಮ್ಮ ಬಳಿ ಬಂದೂಕು ಇದೆಯೇ’ ಎಂದು ಕೇಳಬಹುದೇ?

ಇಂಡಿಯಾನಾ_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಂಡಿಯಾನಾಪೊಲಿಸ್ ಹತ್ತಿರ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಕಂಪನಿಯ ಇನ್ನೊಂದು ಘಟಕ ಓಹಾಯೊದಲ್ಲಿದೆ. ಕೆಲಸಕ್ಕೆ ಅರ್ಜಿ ಹಾಕುವವರು ತುಂಬಬೇಕಾದ ನಮೂನೆಗೆ ಎರಡು ಹೊಸ ಪ್ರಶ್ನೆಗಳನ್ನು ಸೇರಿಸಬೇಕೆಂಬ ಪ್ರಸ್ತಾಪ ಈಗ ನಮ್ಮ ಮುಂದಿದೆ. ಅಭ್ಯರ್ಥಿಯ ಬಳಿ ಬಂದೂಕು ಇದೆಯೇ ಎಂಬುದು ಒಂದು, ಅದನ್ನು ಮೈಮೇಲೆ ಮರೆಸಿಕೊಂಡು ಒಯ್ಯುವ ಪರವಾನಗಿ ಇದೆಯೇ ಎಂಬುದು ಇನ್ನೊಂದು. ‘ಹೌದು’ ಎಂದವರನ್ನು ತಿರಸ್ಕರಿಸಬೇಕೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಆದರೆ ಉತ್ತರವನ್ನು ಯಾವುದಕ್ಕೂ ಬಳಸುವುದಿಲ್ಲವಾದರೆ ಪ್ರಶ್ನೆಯನ್ನೇಕೆ ಕೇಳಬೇಕು ಎಂಬುದಕ್ಕೂ ಯಾರ ಬಳಿಯೂ ಸಮಾಧಾನಕರ ಉತ್ತರವಿಲ್ಲ.

ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಇದು ಖಾಸಗಿ ಸಂಸ್ಥೆ, ಯಾರನ್ನು ತೆಗೆದುಕೊಳ್ಳಬೇಕೆಂಬುದು ನಮ್ಮ ಇಷ್ಟ ಎಂದು ಕೆಲವರು ವಾದಿಸಿದರು. ಬಂದೂಕು ಹೊಂದುವುದು ಸಂವಿಧಾನ ಕೊಟ್ಟ ಹಕ್ಕು, ಆ ಕಾರಣಕ್ಕೆ ಕೆಲಸ ನಿರಾಕರಿಸಿದರೆ ಅದು ತಾರತಮ್ಯವಾಗುತ್ತದೆ ಎಂದು ಉಳಿದವರು ಹೇಳಿದರು. ಇಬ್ಬರೂ ಬಹಳ ಖಚಿತವಾಗಿ ಮಾತನಾಡಿದರು. ಯಾರೂ ಒಂದು ಕಾನೂನಿನ ಹೆಸರನ್ನೂ ಹೇಳಲಿಲ್ಲ. ಕಂಪನಿಯ ವಕೀಲರ ಅಭಿಪ್ರಾಯ ಬರುವ ಮೊದಲು ವಿಷಯದ ಬುಡವನ್ನು ನಾನೇ ತಿಳಿದುಕೊಳ್ಳಬೇಕೆಂದು ಇಲ್ಲಿ ಕೇಳುತ್ತಿದ್ದೇನೆ. ಕಾನೂನು ಏನೆನ್ನುತ್ತದೆ ಎಂಬುದರ ಜೊತೆಗೆ ಅದು ಹೇಗಿರಬೇಕು ಎಂಬುದರ ಬಗ್ಗೆಯೂ ತಿಳಿದವರು ದಯವಿಟ್ಟು ಬರೆಯಿರಿ.

ಶರಾವತಿ_ವಕೀಲೆ

ನಾನು ಅಮೆರಿಕದಲ್ಲಿ ಉದ್ಯೋಗ ಕಾನೂನಿನ ಪ್ರಕರಣಗಳನ್ನು ನೋಡುತ್ತೇನೆ. ನಿಮ್ಮ ಸಭೆಯಲ್ಲಿ ಕೇಳಿಬಂದ ಎರಡೂ ವಾದಗಳಲ್ಲಿ ಅರ್ಧ ಸತ್ಯವಿದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಸಂವಿಧಾನದ ಎರಡನೇ ತಿದ್ದುಪಡಿ ಸರ್ಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು ಖಾಸಗಿ ಮಾಲೀಕನ ಕೈಯನ್ನಲ್ಲ. ಮನೆಯಲ್ಲಿ ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು, 2010ರ ಮೆಕ್‌ಡೊನಾಲ್ಡ್ ಪ್ರಕರಣದಲ್ಲಿ ಅದನ್ನು ರಾಜ್ಯಗಳಿಗೂ ಅನ್ವಯಿಸಿತು, 2022ರ ಬ್ರೂಯೆನ್ ತೀರ್ಪಿನಲ್ಲಿ ಮನೆಯ ಹೊರಗೆ ಒಯ್ಯುವುದಕ್ಕೂ ವಿಸ್ತರಿಸಿತು. ಈ ಮೂರೂ ತೀರ್ಪುಗಳು ಸರ್ಕಾರ ಮಾಡಿದ ನಿರ್ಬಂಧಗಳ ಕುರಿತಾದವು. ಕೌಂಟಿ ಕಚೇರಿಯೋ ಸರ್ಕಾರಿ ಆಸ್ಪತ್ರೆಯೋ ಇಂಥ ಪ್ರಶ್ನೆ ಕೇಳಿದ್ದರೆ ಸಂವಿಧಾನದ ಮಾತು ನೇರವಾಗಿ ಬರುತ್ತಿತ್ತು. ನಿಮ್ಮದು ಖಾಸಗಿ ಕಾರ್ಖಾನೆಯಾದ್ದರಿಂದ ಆ ದಾರಿ ಇಲ್ಲ.

ಇನ್ನು ತಾರತಮ್ಯ ವಿರೋಧಿ ಕಾನೂನಿಗೆ ಬರೋಣ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯವು ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶ ಎಂಬ ಐದು ಆಧಾರಗಳನ್ನು ಹೆಸರಿಸುತ್ತದೆ ಮತ್ತು 15 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಮುಂದೆ ವಯಸ್ಸು, ಅಂಗವೈಕಲ್ಯ, ಅನುವಂಶೀಯ ಮಾಹಿತಿಗಳಿಗೆ 1967, 1990 ಮತ್ತು 2008ರ ಕಾಯ್ದೆಗಳು ಬಂದವು. ಈ ಯಾವ ಪಟ್ಟಿಯಲ್ಲೂ ಬಂದೂಕಿನ ಮಾಲೀಕತ್ವ ಇಲ್ಲ. ಕಾರಣ ಹೇಳದೆಯೂ ಕೆಲಸದಿಂದ ತೆಗೆಯಬಹುದಾದ ಪದ್ಧತಿಯೇ ಇಲ್ಲಿ ಹೆಚ್ಚಿನ ಕಡೆ ಸಾಮಾನ್ಯ ನಿಯಮವಾಗಿರುವುದರಿಂದ, ಕಾನೂನು ನಿಷೇಧಿಸದ ಯಾವುದೇ ಕಾರಣಕ್ಕೆ ಮಾಲೀಕನು ಒಬ್ಬ ಅಭ್ಯರ್ಥಿಯನ್ನು ಬಿಡಬಹುದು. ಫೆಡರಲ್ (ಇಡೀ ದೇಶಕ್ಕೆ ಅನ್ವಯಿಸುವ) ಕಾನೂನಿನ ಮಟ್ಟಿಗೆ ‘ನಮ್ಮ ಇಷ್ಟ’ ಎಂದವರ ಮಾತು ಹೆಚ್ಚುಕಡಿಮೆ ಸರಿ.

ಆದರೆ ರಾಜ್ಯದ ಕಾನೂನನ್ನು ನೋಡದೆ ಈ ಪ್ರಶ್ನೆಗೆ ಉತ್ತರ ಹೇಳಲೇಬಾರದು, ಅದರಲ್ಲೂ ನೀವಿರುವುದು ಇಂಡಿಯಾನಾದಲ್ಲಿ. 2011ರ ಜುಲೈ 1ರಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಯಾವ ಮಾಲೀಕನೂ ಅಭ್ಯರ್ಥಿಯನ್ನಾಗಲಿ ನೌಕರನನ್ನಾಗಲಿ ಬಂದೂಕು ಅಥವಾ ಮದ್ದುಗುಂಡು ಹೊಂದಿದ್ದಾನೆಯೇ, ಬಳಸುತ್ತಾನೆಯೇ, ಸಾಗಿಸುತ್ತಾನೆಯೇ ಎಂದು ತಿಳಿಸುವಂತೆ ಒತ್ತಾಯಿಸುವಂತಿಲ್ಲ. ಆ ಕೆಲಸದ ಕರ್ತವ್ಯಕ್ಕೇ ಬಂದೂಕು ಬೇಕಾಗಿದ್ದರೆ ಮಾತ್ರ ಅದರ ಮಟ್ಟಿಗೆ ಕೇಳಬಹುದು. ನಿಯಮ ಮೀರಿದರೆ ಬಾಧಿತನಾದವನು ನ್ಯಾಯಾಲಯಕ್ಕೆ ಹೋಗಿ ನಷ್ಟ ಪರಿಹಾರವನ್ನೂ ವಕೀಲರ ವೆಚ್ಚವನ್ನೂ ಪಡೆಯಬಹುದು. ಆದ್ದರಿಂದ ಇಂಡಿಯಾನಾ ಘಟಕದ ಮಟ್ಟಿಗೆ ನಿಮ್ಮ ನಮೂನೆಯ ಎರಡೂ ಪ್ರಶ್ನೆಗಳು ಹುಟ್ಟುವ ಮೊದಲೇ ಬಿದ್ದಂತೆ. ಎರಡನೆಯ ಪ್ರಶ್ನೆಯಿಂದ ಏನೂ ತಿಳಿಯುವುದೂ ಇಲ್ಲ, ಏಕೆಂದರೆ 2022ರ ಜುಲೈನಿಂದ ಆ ರಾಜ್ಯದಲ್ಲಿ ಬಂದೂಕು ಒಯ್ಯಲು ಬಹುತೇಕ ವಯಸ್ಕರಿಗೆ ಪರವಾನಗಿಯೇ ಬೇಕಿಲ್ಲ.

ಗಮನಿಸಬೇಕಾದದ್ದು ಇಷ್ಟು: ಇಂಡಿಯಾನಾ ತನ್ನ ನಾಗರಿಕ ಹಕ್ಕುಗಳ ಪಟ್ಟಿಗೆ ಬಂದೂಕು ಮಾಲೀಕರನ್ನು ಸೇರಿಸಲಿಲ್ಲ. ಕೇಳುವುದನ್ನೇ ನಿಷೇಧಿಸಿತು. ಈ ಎರಡು ವಿಧಾನಗಳ ನಡುವಿನ ಅಂತರ ದೊಡ್ಡದು, ಚರ್ಚೆ ಅದರ ಮೇಲೆ ನಡೆಯಬೇಕೆಂಬುದು ನನ್ನ ಆಸೆ.

ಟಲ್ಸಾ_ನಿವಾಸಿ

ಶರಾವತಿಯವರು ಕಾನೂನಿನ ಚೌಕಟ್ಟನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಇಂಥ ಕಾನೂನುಗಳು ಹುಟ್ಟಿದ ಕಥೆಯನ್ನು ನಾನು ಸೇರಿಸುತ್ತೇನೆ, ಏಕೆಂದರೆ ಅದು ನಾನು ಬಹುಕಾಲದಿಂದ ನೆಲೆಸಿರುವ ಒಕ್ಲಹೋಮಾದ ಕಥೆ.

2002ರ ಅಕ್ಟೋಬರ್‌ನಲ್ಲಿ ರಾಜ್ಯದ ಆಗ್ನೇಯ ಮೂಲೆಯ ವ್ಯಾಲಿಯಂಟ್ ಎಂಬ ಪುಟ್ಟ ಊರಿನಲ್ಲಿ ವೇಯರ್‌ಹಾಯ್ಸರ್ ಕಂಪನಿಯ ಕಾಗದದ ಕಾರ್ಖಾನೆಯ ಪಾರ್ಕಿಂಗ್ ಜಾಗದಲ್ಲಿ ನೌಕರರ ವಾಹನಗಳ ಶೋಧ ನಡೆಯಿತು, ವಾಸನೆ ಹಿಡಿಯುವ ನಾಯಿಗಳನ್ನು ತರಿಸಲಾಗಿತ್ತು. ಬೇಟೆ ಎಂಬುದು ಅಪ್ಪನಿಂದ ಮಗನಿಗೆ ಬರುವ ಅಭ್ಯಾಸವಾಗಿರುವ ಸೀಮೆ ಅದು. ಪಿಕಪ್ ಟ್ರಕ್ಕಿನಲ್ಲಿ ಒಂದು ರೈಫಲ್ ಇರುವುದು ಅಲ್ಲಿ ಯಾರಿಗೂ ಸುದ್ದಿಯಲ್ಲ. ವಾಹನಗಳಲ್ಲಿ ಬಂದೂಕು ಸಿಕ್ಕ ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಯಾರೂ ಯಾರನ್ನೂ ಬೆದರಿಸಿರಲಿಲ್ಲ, ಬಂದೂಕನ್ನು ಕಾರ್ಖಾನೆಯ ಒಳಗೆ ತಂದಿರಲಿಲ್ಲ. ಅವರು ಹೂಡಿದ ದಾವೆ 2006ರಲ್ಲಿ ಹತ್ತನೇ ವಲಯದ ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು.

ಆದರೆ ಅಷ್ಟರಲ್ಲಿ ರಾಜ್ಯದ ಶಾಸನಸಭೆ ಎಚ್ಚೆತ್ತಿತ್ತು. ಬೀಗ ಹಾಕಿದ ವಾಹನದೊಳಗೆ ಬಂದೂಕು ಇಡುವುದನ್ನು ಮಾಲೀಕರು ನಿಷೇಧಿಸುವಂತಿಲ್ಲ ಎಂದು 2004ರಲ್ಲಿ ಕಾನೂನಾಯಿತು. ದೊಡ್ಡ ಕಂಪನಿಗಳು ಇದನ್ನು ಪ್ರಶ್ನಿಸಿದವು. ಸುರಕ್ಷಿತ ಕೆಲಸದ ಜಾಗ ಒದಗಿಸಬೇಕೆಂಬ ಫೆಡರಲ್ ಕಾನೂನಿನ ಹೊಣೆಗೂ ಇದಕ್ಕೂ ವಿರೋಧವಿದೆ ಎಂದು 2007ರಲ್ಲಿ ಜಿಲ್ಲಾ ನ್ಯಾಯಾಲಯ ರಾಜ್ಯದ ಕಾನೂನನ್ನು ತಡೆಹಿಡಿಯಿತು. 2009ರಲ್ಲಿ ಅದೇ ಹತ್ತನೇ ವಲಯದ ನ್ಯಾಯಾಲಯ ಆ ತಡೆಯನ್ನು ತೆಗೆದುಹಾಕಿ ರಾಜ್ಯದ ಕಾನೂನನ್ನು ಎತ್ತಿಹಿಡಿಯಿತು. ಇವತ್ತು ಹೆಚ್ಚುಕಡಿಮೆ ಅರ್ಧದಷ್ಟು ರಾಜ್ಯಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಇಂಥ ಪಾರ್ಕಿಂಗ್ ಕಾನೂನು ಇದೆ.

ನಾನು ಈ ದೇಶದ ಪೌರ, ನನ್ನ ಮನೆಯಲ್ಲಿ ಬೀಗ ಹಾಕಿದ ಕಪಾಟಿನಲ್ಲಿ ಎರಡು ಬಂದೂಕುಗಳಿವೆ. ಕೆಲಸದ ಅರ್ಜಿಯಲ್ಲಿ ಯಾರಾದರೂ ಅದನ್ನು ಕೇಳಿದರೆ ನನಗೆ ಅವಮಾನವೆನಿಸುತ್ತದೆ. ನಾನು ಯಾವ ಪಕ್ಷಕ್ಕೆ ಮತ ಹಾಕುತ್ತೇನೆ, ಯಾವ ದೇವಸ್ಥಾನಕ್ಕೆ ಹೋಗುತ್ತೇನೆ ಎಂದು ಕೇಳಿದಷ್ಟೇ ಅದು ನನ್ನ ಹೊಸಿಲು ದಾಟಿದ ಪ್ರಶ್ನೆ. ಆದ್ದರಿಂದ ಬಂದೂಕು ಮಾಲೀಕರನ್ನೂ ಸಂರಕ್ಷಿತ ವರ್ಗವೆಂದು, ಅಂದರೆ ತಾರತಮ್ಯ ಮಾಡಕೂಡದೆಂದು ಹೆಸರಿಸಿದ ಗುಂಪೆಂದು, ಕಾನೂನಿನಲ್ಲಿ ಸೇರಿಸಬೇಕು ಎಂಬುದೇ ನನ್ನ ನಿಲುವು. ಕೇಳಬಾರದು ಎಂದಷ್ಟೇ ಹೇಳಿದರೆ ಸಾಲದು. ಬೇರೆ ದಾರಿಯಲ್ಲಿ ತಿಳಿದುಕೊಂಡು, ಫೇಸ್‌ಬುಕ್ಕಿನಲ್ಲಿ ಬೇಟೆಯ ಚಿತ್ರ ನೋಡಿ, ಮೌನವಾಗಿ ತಿರಸ್ಕರಿಸಿದರೆ ಏನು ಮಾಡುವುದು?

ಐನ್‌ಮನೆ

ನಾನು ಕೊಡವ, ಟೆಕ್ಸಾಸ್‌ನಲ್ಲಿ ಎಚ್‌-1ಬಿ ವೀಸಾದ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಈ ಪ್ರಶ್ನೆಯನ್ನು ನನ್ನಂಥವನಿಗೆ ಕೇಳಿದರೆ ಏನು ಉತ್ತರ ಬರೆಯಬೇಕೆಂದು ಯೋಚಿಸುತ್ತಿದ್ದೇನೆ.

ಕೊಡಗಿನ ನಮ್ಮ ಒಕ್ಕದ (ಮನೆತನದ) ಮನೆಯಲ್ಲಿ ತೋಕ್, ಅಂದರೆ ಬಂದೂಕು, ಇದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವುದು ನಮ್ಮ ಪದ್ಧತಿ. ಕೈಲ್‌ಪೊಳ್ದ್ ದಿನ ಆಯುಧಗಳನ್ನು ತೊಳೆದು ಹೂವಿಟ್ಟು ಪೂಜಿಸುತ್ತೇವೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಅಡಿಯಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಹೀಗಿರುವಾಗ ‘ನಿಮ್ಮ ಬಳಿ ಬಂದೂಕು ಇದೆಯೇ’ ಎಂದರೆ ನನ್ನ ಉತ್ತರ ಏನು? ಹೌದು ಎಂದರೆ ನನ್ನನ್ನು ಏನೆಂದು ತಿಳಿಯುತ್ತಾರೆ? ಇಲ್ಲ ಎಂದರೆ ನನ್ನ ಮನೆತನದ ಒಂದು ಭಾಗವನ್ನು ಮುಚ್ಚಿಟ್ಟಂತಾಗುವುದಿಲ್ಲವೇ?

ಇನ್ನೊಂದು ವಿಷಯವನ್ನು ಇಲ್ಲಿರುವ ಎಲ್ಲ ವೀಸಾದಾರರೂ ತಿಳಿದಿರಬೇಕು. ತಾತ್ಕಾಲಿಕ ವೀಸಾದ ಮೇಲೆ ಅಮೆರಿಕಕ್ಕೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಫೆಡರಲ್ ಅಪರಾಧ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವಂಥ ಕೆಲವೇ ವಿನಾಯಿತಿಗಳುಂಟು. ಬಾಡಿಗೆಗೆ ಕೊಡುವ ಶೂಟಿಂಗ್ ರೇಂಜಿನಲ್ಲಿ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದರೂ ಹೊಂದಿದಂತೆಯೇ. 2019ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ರೆಹೈಫ್ ಪ್ರಕರಣ ಶುರುವಾಗಿದ್ದೇ ಫ್ಲಾರಿಡಾದ ಶೂಟಿಂಗ್ ರೇಂಜ್ ಒಂದರಲ್ಲಿ. ಆತ ವಿದ್ಯಾರ್ಥಿ ವೀಸಾದ ಮೇಲೆ ಬಂದು ಕಾಲೇಜಿನಿಂದ ಹೊರಬಿದ್ದು, ಇಲ್ಲಿರುವ ಅರ್ಹತೆ ಕಳೆದುಕೊಂಡಿದ್ದವನು. ತನ್ನ ಸ್ಥಿತಿ ಆರೋಪಿಗೆ ಗೊತ್ತಿತ್ತೆಂದು ಸರ್ಕಾರ ಸಾಬೀತುಪಡಿಸಬೇಕು ಎಂದು ಕೋರ್ಟು ಹೇಳಿತು, ನಿಜ. ಆದರೆ ಎಚ್‌-1ಬಿಯವರಾದ ನಮಗೆ ನಮ್ಮ ವೀಸಾ ಯಾವುದೆಂದು ಗೊತ್ತಿಲ್ಲ ಎಂದು ಹೇಳಲಾಗುವುದಿಲ್ಲವಲ್ಲ. ಕಂಪನಿಯ ತಂಡದ ವಿಹಾರಕ್ಕೆಂದು ಟೆಕ್ಸಾಸ್‌ನಲ್ಲಿ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗುವುದು ಅಪರೂಪವೇನಲ್ಲ. ಒಲ್ಲೆ ಎಂದರೆ ಬೆರೆಯದವನೆಂಬ ಹೆಸರು, ಹೂಂ ಎಂದರೆ ವೀಸಾಕ್ಕೇ ಕುತ್ತು. ಎಚ್‌ಆರ್ ಜನ ಯೋಚಿಸಬೇಕಾದ ಬಂದೂಕಿನ ಪ್ರಶ್ನೆ ಇದೂ ಹೌದು.

ವೈದ್ಯೆ_ಕೊಲಂಬಸ್

ನಾನು ಓಹಾಯೊದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ವೈದ್ಯೆ. ಗುಂಡೇಟಿನ ಗಾಯಗಳನ್ನು ನೋಡುವುದು ನನ್ನ ಕೆಲಸದ ಭಾಗ. ಇಲ್ಲಿಯವರೆಗೆ ಹಕ್ಕಿನ ಮಾತು ಬಹಳ ಬಂದಿದೆ, ಪಕ್ಕದ ಯಂತ್ರದ ಮುಂದೆ ನಿಂತು ಕೆಲಸ ಮಾಡುವವಳ ಜೀವದ ಮಾತು ಒಮ್ಮೆಯೂ ಬಂದಿಲ್ಲ.

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಎಣಿಕೆಯಲ್ಲಿ 2022ರಲ್ಲಿ ಕೆಲಸದ ಸ್ಥಳದಲ್ಲಿ ಕೊಲೆಯಾದವರು 524 ಮಂದಿ. ಉತ್ತರ ಕ್ಯಾರೊಲಿನಾದ ಕೆಲಸದ ಸ್ಥಳಗಳನ್ನು ಕುರಿತು 2005ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದ ಪ್ರಕಾರ, ನೌಕರರು ಬಂದೂಕು ತರಲು ಅವಕಾಶವಿದ್ದ ಕಡೆ ಕೊಲೆ ನಡೆಯುವ ಸಂಭವ, ಎಲ್ಲ ಆಯುಧಗಳನ್ನೂ ನಿಷೇಧಿಸಿದ ಕಡೆಗಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ಬೀಗ ಹಾಕಿದ ಕಾರಿನಲ್ಲಿದ್ದರೆ ಅಪಾಯವಿಲ್ಲ ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ. ಜಗಳವಾಡಿ ಸಿಟ್ಟಿನಲ್ಲಿ ಹೊರಗೆ ಹೋದವನು ಪಾರ್ಕಿಂಗ್ ಜಾಗದಿಂದ ವಾಪಸು ಬರಲು ಎಷ್ಟು ಹೊತ್ತು ಬೇಕು?

ಗಂಡನಿಂದಲೋ ಜೊತೆಗಾರನಿಂದಲೋ ತಪ್ಪಿಸಿಕೊಂಡು ಬದುಕುತ್ತಿರುವ ಹೆಂಗಸನ್ನು ಅವಳ ಹೊಸ ಮನೆಯ ವಿಳಾಸ ಸಿಗದಿದ್ದರೂ ಕೆಲಸದ ಜಾಗದಲ್ಲಿ ಹುಡುಕಿ ಹಿಡಿಯಬಹುದು. ಕೌಟುಂಬಿಕ ಹಿಂಸೆಯ ಸಣ್ಣ ಅಪರಾಧಕ್ಕೆ ಶಿಕ್ಷೆಯಾದವರೂ ಬಂದೂಕು ಹೊಂದುವಂತಿಲ್ಲ ಎಂದು 1996ರಲ್ಲಿ ಫೆಡರಲ್ ಕಾನೂನು ಬಂದದ್ದು ಸುಮ್ಮನೆ ಅಲ್ಲ, ಅದರಿಂದ ಪೊಲೀಸರಿಗೂ ವಿನಾಯಿತಿಯಿಲ್ಲ. ಈ ಎಲ್ಲದರ ನಡುವೆ, ಯಾರ ಬಳಿ ಬಂದೂಕು ಇದೆ ಎಂದು ಮಾಲೀಕನು ಕೇಳಲೂಬಾರದು ಎಂದರೆ ಅವನು ಸುರಕ್ಷತೆಯ ಹೊಣೆಯನ್ನು ಹೇಗೆ ಹೊರಬೇಕು?

ಶರಾವತಿ_ವಕೀಲೆ

ಮೂವರ ಮಾತಿಗೂ ಉತ್ತರಿಸಲು ಪ್ರಯತ್ನಿಸುತ್ತೇನೆ.

ವೈದ್ಯೆಯವರೇ, ನೀವು ಹೇಳಿದ ಅಧ್ಯಯನವನ್ನು ನಾನೂ ಓದಿದ್ದೇನೆ. ಅದು ಅಳೆದದ್ದು ಕೆಲಸದ ಸ್ಥಳದ ನಿಯಮವನ್ನು. ನೌಕರನ ಮನೆಯ ಕಪಾಟಿನಲ್ಲಿ ಏನಿದೆ ಎಂಬುದನ್ನು ಅದು ಅಳೆದಿಲ್ಲ. ಅಂದರೆ ನಿಮ್ಮ ಆಧಾರ ಸಮರ್ಥಿಸುವುದು ‘ಇಲ್ಲಿಗೆ ಬಂದೂಕು ತರಬೇಡಿ’ ಎಂಬ ನಿಯಮವನ್ನೇ ಹೊರತು ‘ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ’ ಎಂಬ ಪ್ರಶ್ನೆಯನ್ನಲ್ಲ. ಪ್ಯೂ ಸಂಶೋಧನಾ ಕೇಂದ್ರದ 2023ರ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರಲ್ಲಿ ಸುಮಾರು 32 ಶೇಕಡಾ ಮಂದಿ ತಮ್ಮದೇ ಬಂದೂಕು ಇದೆ ಎಂದರು. ಮೂವರಲ್ಲಿ ಒಬ್ಬನನ್ನು ಸಂಶಯದ ಪಟ್ಟಿಗೆ ಸೇರಿಸುವ ಪ್ರಶ್ನೆ ನಿಜವಾದ ಅಪಾಯವನ್ನು ಗುರುತಿಸಲಾರದು. ಬೆದರಿಕೆ, ಹಿಂದಿನ ಹಿಂಸೆ, ಹಿಂಬಾಲಿಸುವುದು, ಜೊತೆಗಾರರ ದೂರು, ನೋಡಬೇಕಾದದ್ದು ಇವನ್ನು. ಇವನ್ನು ನೋಡಲು ಇಂಡಿಯಾನಾ ಕಾನೂನು ಅಡ್ಡಿಯಾಗುವುದಿಲ್ಲ.

ಟಲ್ಸಾದವರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಸಂರಕ್ಷಿತ ವರ್ಗ ಎಂಬ ನಿಮ್ಮ ಪರಿಹಾರವನ್ನು ನಾನು ಒಪ್ಪಲಾರೆ. ಚರ್ಮದ ಬಣ್ಣ, ಹುಟ್ಟಿದ ದೇಶ, ಅಂಗವೈಕಲ್ಯ ಇವು ಮನುಷ್ಯ ಆರಿಸಿಕೊಂಡವಲ್ಲ. ಧರ್ಮವನ್ನು ಬದಲಿಸಬಹುದಾದರೂ ಬದಲಿಸು ಎಂದು ಕೇಳುವುದು ಅನ್ಯಾಯವೆಂದು ಸಮಾಜ ಒಪ್ಪಿದೆ. ಈ ಆಧಾರಗಳ ಹಿಂದೆ ಇಡೀ ಸಮುದಾಯಗಳನ್ನು ತಲೆಮಾರುಗಳ ಕಾಲ ಕೆಲಸದಿಂದ ಹೊರಗಿಟ್ಟ ಚರಿತ್ರೆಯಿದೆ. ಬಂದೂಕು ಮಾಲೀಕರಿಗೆ ಅಂಥ ಬಹಿಷ್ಕಾರದ ಚರಿತ್ರೆ ಇಲ್ಲ. ಕಾನೂನುಬದ್ಧವಾದ ಪ್ರತಿಯೊಂದು ಆಯ್ಕೆಯನ್ನೂ ಆ ಪಟ್ಟಿಗೆ ಸೇರಿಸುತ್ತ ಹೋದರೆ ಪಟ್ಟಿಗೇ ತೂಕವಿಲ್ಲದಂತಾಗುತ್ತದೆ. ನಿಮಗೆ ಬೇಕಾದ ರಕ್ಷಣೆ ಬೇರೊಂದು ಜಾತಿಯ ಕಾನೂನಿನಲ್ಲಿ ಸಿಗುತ್ತದೆ: ಕೆಲಸದ ಹೊತ್ತು ಮುಗಿದ ಮೇಲೆ, ಕೆಲಸದ ಜಾಗದ ಹೊರಗೆ, ಕಾನೂನು ಮೀರದೆ ನಾನು ಏನು ಮಾಡುತ್ತೇನೆ ಎಂಬುದು ಮಾಲೀಕನಿಗೆ ಸಂಬಂಧಿಸಿದ್ದಲ್ಲ ಎನ್ನುವ ಕಾನೂನುಗಳು. ನ್ಯೂಯಾರ್ಕ್ ರಾಜ್ಯವು ಬಿಡುವಿನ ವೇಳೆಯ ಕಾನೂನುಬದ್ಧ ಹವ್ಯಾಸಗಳನ್ನು ಹೀಗೆ ರಕ್ಷಿಸುತ್ತದೆ, ಅದು ನೇಮಕಾತಿಗೂ ಅನ್ವಯಿಸುತ್ತದೆ. ಉತ್ತರ ಡಕೋಟಾದ ಕಾನೂನೂ ನೇಮಕಾತಿಯನ್ನು ಒಳಗೊಂಡಿದೆ. ಆದರೆ ಕೊಲೊರಾಡೊದ ಕಾನೂನು ಇರುವ ಕೆಲಸದಿಂದ ತೆಗೆಯುವುದನ್ನಷ್ಟೇ ತಡೆಯುತ್ತದೆ, ಕೆಲಸಕ್ಕೇ ತೆಗೆದುಕೊಳ್ಳದಿದ್ದರೆ ಅಲ್ಲಿ ಏನೂ ಮಾಡಲಾಗದು. ಫ್ಲಾರಿಡಾ 2008ರಲ್ಲಿ, ಮರೆಸಿಕೊಂಡು ಒಯ್ಯುವ ಪರವಾನಗಿ ಇದೆ ಅಥವಾ ಇಲ್ಲ ಎಂಬುದನ್ನು ಉದ್ಯೋಗದ ಷರತ್ತಾಗಿ ಮಾಡುವಂತಿಲ್ಲ ಎಂದು ನೇರವಾಗಿಯೇ ಬರೆಯಿತು.

ಇಂಥ ಕಾನೂನು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಯೂಟಾ ನೆನಪಾಗುತ್ತದೆ. ಆಗ್ಡನ್ ಊರಿನ, ಅಮೆರಿಕ ಆನ್‌ಲೈನ್ ಎಂಬ ಇಂಟರ್ನೆಟ್ ಕಂಪನಿಯ ಕಾಲ್ ಸೆಂಟರಿನ ಮೂವರು ನೌಕರರು 2000ದಲ್ಲಿ ಕೆಲಸ ಮುಗಿಸಿ ಗುರಿ ಅಭ್ಯಾಸಕ್ಕೆ ಹೊರಟವರು, ಪಾರ್ಕಿಂಗ್ ಜಾಗದಲ್ಲಿ ಒಂದು ಕಾರಿನಿಂದ ಇನ್ನೊಂದಕ್ಕೆ ಬಂದೂಕುಗಳನ್ನು ಸಾಗಿಸಿದ್ದು ಕ್ಯಾಮೆರಾದಲ್ಲಿ ಕಂಡಿತು. ಕೆಲಸ ಹೋಯಿತು. ಯೂಟಾ ಸಂವಿಧಾನದಲ್ಲಿ ಬಂದೂಕಿನ ಹಕ್ಕು ಇದ್ದರೂ ಅದು ಖಾಸಗಿ ಮಾಲೀಕನ ಅಧಿಕಾರವನ್ನು ಮೀರುವಷ್ಟು ಸ್ಪಷ್ಟ ಸಾರ್ವಜನಿಕ ನೀತಿಯಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಮುಂದೆ 2009ರಲ್ಲಿ ಶಾಸನಸಭೆಯೇ ಪಾರ್ಕಿಂಗ್ ಕಾನೂನು ಮಾಡಬೇಕಾಯಿತು. ಹಕ್ಕು ಎಂದು ಸಂವಿಧಾನದಲ್ಲಿ ಬರೆದ ಮಾತ್ರಕ್ಕೆ ನೌಕರನಿಗೆ ಅದು ದಕ್ಕುವುದಿಲ್ಲ, ಮಾಲೀಕನಿಗೆ ತಾಗುವಂತೆ ಬರೆದ ಶಾಸನ ಬೇಕು.

ಇದರ ಜೊತೆಗೆ ಎಚ್‌ಆರ್ ವಿಭಾಗಗಳಿಗೆ ಸಾಮಾನ್ಯವಾಗಿ ಹೊಳೆಯದ ಒಂದು ಅಪಾಯವಿದೆ. ಮೇಲುನೋಟಕ್ಕೆ ಎಲ್ಲರಿಗೂ ಸಮಾನವಾದ ನಿಯಮವೂ ಒಂದು ಸಂರಕ್ಷಿತ ವರ್ಗಕ್ಕೆ ಹೆಚ್ಚು ಪೆಟ್ಟು ಕೊಟ್ಟರೆ, ಮತ್ತು ಅದು ಕೆಲಸಕ್ಕೆ ಅಗತ್ಯವೆಂದು ತೋರಿಸಲಾಗದಿದ್ದರೆ, ಅದು ತಾರತಮ್ಯವೇ ಎಂದು 1971ರ ಗ್ರಿಗ್ಸ್ ತೀರ್ಪು ಹೇಳಿತು. 1991ರಲ್ಲಿ ಅದು ಕಾಯ್ದೆಯಲ್ಲೇ ಸೇರಿತು. ಅದೇ ಪ್ಯೂ ಸಮೀಕ್ಷೆಯಲ್ಲಿ ಗಂಡಸರಲ್ಲಿ 40 ಶೇಕಡಾ, ಹೆಂಗಸರಲ್ಲಿ 25 ಶೇಕಡಾ ಮಂದಿ ಬಂದೂಕು ಹೊಂದಿದ್ದರು. ಬಂದೂಕು ಇದ್ದವರನ್ನೆಲ್ಲ ಬಿಟ್ಟರೆ ಗಂಡಸರು ಹೆಚ್ಚಾಗಿ ಹೊರಬೀಳುತ್ತಾರೆ. 2025ರ ಏಪ್ರಿಲ್‌ನ ಅಧ್ಯಕ್ಷರ ಆದೇಶದ ನಂತರ ಫೆಡರಲ್ ಸಂಸ್ಥೆಗಳು ಇಂಥ ಪ್ರಕರಣಗಳಿಗೆ ಆದ್ಯತೆ ಕೊಡುವುದಿಲ್ಲವಾದರೂ, ಕಾಯ್ದೆಯ ಅಕ್ಷರ ಹಾಗೆಯೇ ಇದೆ, ವ್ಯಕ್ತಿಗಳು ಸ್ವತಃ ದಾವೆ ಹೂಡಬಹುದು. ಈ ವಾದ ಬಂದೂಕಿನ ವಿಷಯದಲ್ಲಿ ಗೆಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಇನ್ನು ‘ಪರವಾನಗಿ ನಿರಾಕರಿಸಲಾಗಿತ್ತೇ, ಏಕೆ?’ ಎಂದೇನಾದರೂ ಕೇಳಿದಿರೋ, ಮಾನಸಿಕ ಆರೋಗ್ಯದ ಚರಿತ್ರೆಯೇ ಉತ್ತರವಾಗಿ ಬರಬಹುದು. ಕೆಲಸ ಕೊಡುವ ಮೊದಲು ಅಂಥ ಮಾಹಿತಿ ಕೆದಕುವುದನ್ನು 1990ರ ಅಂಗವೈಕಲ್ಯ ಕಾಯ್ದೆ ತಡೆಯುತ್ತದೆ.

ಐನ್‌ಮನೆಯವರೇ, ನಿಮ್ಮ ಪ್ರಶ್ನೆಯೇ ಈ ಇಡೀ ಚರ್ಚೆಯಲ್ಲಿ ಅತಿ ಕಷ್ಟದ್ದು. ಆಯುಧವು ಧರ್ಮದ ಅಥವಾ ವಂಶದ ಗುರುತಾಗಿರುವ ಕಡೆ ತಾರತಮ್ಯ ವಿರೋಧಿ ಕಾನೂನು ನಿಜವಾಗಿಯೂ ಒಳಗೆ ಬರುತ್ತದೆ. ಹ್ಯೂಸ್ಟನ್ನಿನಲ್ಲಿ ಫೆಡರಲ್ ತೆರಿಗೆ ಇಲಾಖೆಯ ಸಿಖ್ ನೌಕರಳೊಬ್ಬಳು ಕಿರ್ಪಾನ್ (ಸಿಖ್ಖರ ಧಾರ್ಮಿಕ ಕಿರುಗತ್ತಿ) ಧರಿಸಿದ ಕಾರಣಕ್ಕೆ ಕೆಲಸ ಕಳೆದುಕೊಂಡಳು. ಅಲಗು ಎರಡೂವರೆ ಇಂಚು ಮೀರಿದೆ ಎಂಬುದು ತಕರಾರು. ಐದನೇ ವಲಯದ ನ್ಯಾಯಾಲಯ 2013ರಲ್ಲಿ ಏಳನೇ ಅಧ್ಯಾಯದ ವಾದವನ್ನು ಒಪ್ಪಲಿಲ್ಲ, ಆದರೆ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆಯ ಅಡಿಯ ವಾದಕ್ಕೆ ಮರುಜೀವ ಕೊಟ್ಟಿತು. ಧಾರ್ಮಿಕ ಆಚರಣೆಗೆ ಅನುಕೂಲ ಮಾಡಿಕೊಡಲು ನಿರಾಕರಿಸಬೇಕಾದರೆ ಮಾಲೀಕನು ಗಣನೀಯ ಹೊರೆಯನ್ನು ತೋರಿಸಬೇಕು ಎಂದು 2023ರ ಗ್ರಾಫ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಂಥ ನೌಕರರ ಸ್ಥಿತಿ ಮೊದಲಿಗಿಂತ ಗಟ್ಟಿಯಾಗಿದೆ. ಕೊಡಗಿನ ಮನೆಯಲ್ಲಿರುವ ತೋಕ್ ನಿಮ್ಮ ವೈಯಕ್ತಿಕ ಸ್ವಾಧೀನದಲ್ಲಿಲ್ಲ, ಆದ್ದರಿಂದ ‘ಇಲ್ಲ’ ಎಂದು ಬರೆದರೆ ಸುಳ್ಳಾಗುವುದಿಲ್ಲ. ಆದರೂ ಒಬ್ಬ ಮನುಷ್ಯನನ್ನು ಹೀಗೆ ಲೆಕ್ಕ ಹಾಕುವಂತೆ ಮಾಡುವ ಪ್ರಶ್ನೆ ಕೆಟ್ಟ ಪ್ರಶ್ನೆ.

ಕಾರ್ಮಿಕ_ಕಾನೂನು_ಬೆಂಗಳೂರು

ಅಮೆರಿಕದ ವಿಷಯದಲ್ಲಿ ನಾನು ಹೇಳುವುದು ಏನೂ ಇಲ್ಲ. ಐನ್‌ಮನೆಯವರು ಕೊಡಗಿನ ಮಾತು ಎತ್ತಿದ್ದರಿಂದ ನಮ್ಮ ಕಡೆಯ ಸ್ಥಿತಿಯನ್ನು ಚುಟುಕಾಗಿ ಹೇಳುತ್ತೇನೆ. ಭಾರತದಲ್ಲಿ ಬಂದೂಕು ಹೊಂದುವುದು ಮೂಲಭೂತ ಹಕ್ಕಲ್ಲ, ಪರವಾನಗಿಯಿಂದ ಬರುವ ಅನುಮತಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಸಂವಿಧಾನದ 15 ಮತ್ತು 16ನೇ ವಿಧಿಗಳ ತಾರತಮ್ಯ ನಿಷೇಧ ಮುಖ್ಯವಾಗಿ ಸರ್ಕಾರವನ್ನು ಕಟ್ಟುತ್ತದೆ. ಖಾಸಗಿ ನೇಮಕಾತಿಗೆ ಅಮೆರಿಕದ 1964ರ ಕಾಯ್ದೆಯಂಥ ಒಂದು ಸಮಗ್ರ ಕಾನೂನು ನಮ್ಮಲ್ಲಿ ಇಲ್ಲ. ಅಂಗವಿಕಲರು, ಎಚ್‌ಐವಿ ಸೋಂಕಿತರು, ಲಿಂಗತ್ವ ಅಲ್ಪಸಂಖ್ಯಾತರಿಗೆ 2016, 2017, 2019ರಲ್ಲಿ ಬಿಡಿ ಕಾಯ್ದೆಗಳು ಬಂದಿವೆ.

ಇಲ್ಲಿ ಬಂದೂಕಿನ ಪ್ರಶ್ನೆ ತಲೆಕೆಳಗಾಗಿದೆ. ಬ್ಯಾಂಕು, ಎಟಿಎಂ ಹಣ ಸಾಗಣೆ, ಆಭರಣದ ಅಂಗಡಿಗಳ ಕಾವಲಿಗೆ ‘ಗನ್‌ಮ್ಯಾನ್’ ಬೇಕಾದಾಗ ಸ್ವಂತ ಪರವಾನಗಿ ಮತ್ತು ಬಂದೂಕು ಇರುವ ಮಾಜಿ ಸೈನಿಕರನ್ನೇ ಹುಡುಕುತ್ತಾರೆ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯೂ ಮಾಜಿ ಸೈನಿಕರಿಗೆ ಆದ್ಯತೆ ಕೊಡಬಹುದೆನ್ನುತ್ತದೆ. ಇಲ್ಲಿ ಬಂದೂಕು ಕೆಲಸ ಕೆಡಿಸುವುದಿಲ್ಲ, ಕೊಡಿಸುತ್ತದೆ. ಅದರ ಹೊರೆಯೆಲ್ಲ ನೌಕರನ ತಲೆಯ ಮೇಲೆ: ಪರವಾನಗಿಯ ನವೀಕರಣ ತಡವಾದರೆ ಸಂಬಳ ನಿಲ್ಲುತ್ತದೆ, ಚುನಾವಣೆ ಬಂದು ಬಂದೂಕನ್ನು ಠಾಣೆಯಲ್ಲಿ ಒಪ್ಪಿಸುವ ಆದೇಶವಾದರೆ ಕೆಲಸಕ್ಕೇ ಕುತ್ತು. ತನ್ನ ರಕ್ಷಣೆಗೆಂದು ಪಡೆದ ಪರವಾನಗಿಯ ಮೇಲೆ ಇನ್ನೊಬ್ಬರ ಹಣ ಕಾಯುವ ಈ ಬಡ ಕಾವಲುಗಾರನ ಬಗ್ಗೆ ಯಾರೂ ಬರೆಯುವುದಿಲ್ಲ ಎಂಬುದು ನನ್ನ ನೋವು. ಆಯುಧವನ್ನು ಸಂಸ್ಥೆಯೇ ಒದಗಿಸಿ ಅದರ ಹೊಣೆಯನ್ನು ತಾನೇ ಹೊರಬೇಕೆಂದು ನಾನು ಹಿಂದಿನಿಂದಲೂ ವಾದಿಸುತ್ತ ಬಂದಿದ್ದೇನೆ.

ಟಲ್ಸಾ_ನಿವಾಸಿ

ಶರಾವತಿಯವರೇ, ಬಹಿಷ್ಕಾರದ ಚರಿತ್ರೆಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಬಿಡುವಿನ ವೇಳೆಯ ಬದುಕನ್ನು ರಕ್ಷಿಸುವ ಕಾನೂನು ನೇಮಕಾತಿಯನ್ನೂ ಒಳಗೊಂಡರೆ ನನ್ನ ಬೇಡಿಕೆ ಬಹುಮಟ್ಟಿಗೆ ಈಡೇರುತ್ತದೆ, ಬೇಟೆಗಾರನಿಗೆ ಸಿಕ್ಕ ರಕ್ಷಣೆ ಕಾರ್ಮಿಕ ಸಂಘದ ಸಭೆಗೆ ಹೋಗುವವನಿಗೂ ಸಿಗುತ್ತದೆ. ಆದರೆ ವೈದ್ಯೆಯವರು ಪಾರ್ಕಿಂಗ್ ಜಾಗದ ಬಗ್ಗೆ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಬೇರೆ. ದೂರದ ಹಳ್ಳಿಯಿಂದ ಬೆಳಗಿನ ಜಾವದ ಪಾಳಿಗೆ ಒಬ್ಬಳೇ ಕಾರು ಓಡಿಸಿಕೊಂಡು ಬರುವ ಹೆಂಗಸೂ ಇದ್ದಾಳೆ. ಪಾರ್ಕಿಂಗ್ ಜಾಗದಲ್ಲಿ ಬಂದೂಕು ಇರಕೂಡದು ಎಂದರೆ ಹೋಗುವ ಬರುವ ದಾರಿಯುದ್ದಕ್ಕೂ ಅವಳಿಗೆ ಅದು ಇಲ್ಲ ಎಂದೇ ಅರ್ಥ. ಹಿಂಬಾಲಿಸುವ ಗಂಡನಿಂದ ತಪ್ಪಿಸಿಕೊಂಡವಳೂ ಅವಳೇ ಆಗಿರಬಹುದು.

ವೈದ್ಯೆ_ಕೊಲಂಬಸ್

ಆ ಹೆಂಗಸನ್ನು ನಾನು ಮರೆತಿಲ್ಲ. ಕಾರಿನಿಂದ ಕದ್ದ ಬಂದೂಕಿನ ಗಾಯವನ್ನೂ ಹೊಲಿದವಳು ನಾನು, ಆದ್ದರಿಂದ ಪಾರ್ಕಿಂಗ್ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ. ಆದರೆ ಮನೆಯಲ್ಲಿರುವುದನ್ನು ಕೇಳುವುದರಿಂದ ಅವಳಿಗಾಗಲಿ ನನಗಾಗಲಿ ಏನೂ ಪ್ರಯೋಜನವಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಆ ಪ್ರಶ್ನೆಯ ಬದಲು ಬೆದರಿಕೆಯನ್ನು ಯಾರಿಗೆ, ಹೇಗೆ ವರದಿ ಮಾಡಬೇಕು, ವರದಿ ಮಾಡಿದವಳನ್ನು ಹೇಗೆ ಕಾಪಾಡಬೇಕು ಎಂಬುದನ್ನು ನಿಮ್ಮ ಕಂಪನಿ ಬರೆದಿಡಲಿ. ನ್ಯಾಯಾಲಯದ ರಕ್ಷಣಾ ಆದೇಶ ಪಡೆದ ನೌಕರಳು ಅದನ್ನು ಗುಟ್ಟಾಗಿ ಎಚ್‌ಆರ್‌ಗೆ ತಿಳಿಸುವ ದಾರಿ ಇರಲಿ, ಅವಳನ್ನು ಬೆದರಿಸುವವನ ಚಿತ್ರ ಗೇಟಿನ ಕಾವಲುಗಾರನಿಗೆ ತಲುಪಲಿ.

ಇಂಡಿಯಾನಾ_ಕನ್ನಡಿಗ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಎರಡೂ ಪ್ರಶ್ನೆಗಳನ್ನು ಎರಡೂ ರಾಜ್ಯಗಳ ನಮೂನೆಯಿಂದ ಕೈಬಿಡಬೇಕೆಂದು, ವೈದ್ಯೆಯವರು ಹೇಳಿದ ವರದಿ ವ್ಯವಸ್ಥೆಯನ್ನು ಬರವಣಿಗೆಯಲ್ಲಿ ತರಬೇಕೆಂದು ನಾನು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ತಂಡದ ವಿಹಾರಕ್ಕೆ ಶೂಟಿಂಗ್ ರೇಂಜ್ ಬೇಡ ಎಂಬುದನ್ನೂ ಸೇರಿಸುತ್ತೇನೆ, ನಮ್ಮಲ್ಲೂ ವೀಸಾದಾರ ಎಂಜಿನಿಯರ್‌ಗಳಿದ್ದಾರೆ. ಒಂದು ಸಂಶಯ ಉಳಿದಿದೆ. ನಮ್ಮ ಗೇಟಿನಲ್ಲಿ ರಾತ್ರಿ ಪಾಳಿಗೆ ಸಶಸ್ತ್ರ ಕಾವಲುಗಾರರನ್ನು ನಾವೇ ನೇಮಿಸಿಕೊಳ್ಳುತ್ತೇವೆ. ಅವರನ್ನು ಏನೂ ಕೇಳದೆ ಹೇಗೆ ತೆಗೆದುಕೊಳ್ಳುವುದು? ಓಹಾಯೊದಲ್ಲಿ ಪಾರ್ಕಿಂಗ್ ನಿಯಮ ಏನು?

ಶರಾವತಿ_ವಕೀಲೆ

ಓಹಾಯೊದಲ್ಲಿ 2017ರ ಮಾರ್ಚ್‌ನಿಂದ, ಪರವಾನಗಿ ಇರುವವರು ಬೀಗ ಹಾಕಿದ ತಮ್ಮ ವಾಹನದಲ್ಲಿ ಬಂದೂಕು ಇಡುವುದನ್ನು ಮಾಲೀಕರು ತಡೆಯುವಂತಿಲ್ಲ, ಕಟ್ಟಡದೊಳಗೆ ನಿಷೇಧಿಸಬಹುದು. ಆದ್ದರಿಂದ ನಿಮ್ಮ ಆಯುಧ ನಿಯಮದಲ್ಲಿ ‘ಕಂಪನಿಯ ಆವರಣ’ ಎಂದು ಒಟ್ಟಾಗಿ ಬರೆಯಬೇಡಿ. ಕಟ್ಟಡ, ಕಂಪನಿಯ ವಾಹನ, ನೌಕರನ ಸ್ವಂತ ವಾಹನ ಎಂದು ಬೇರೆ ಬೇರೆ ಬರೆದು, ಪ್ರತಿ ರಾಜ್ಯಕ್ಕೂ ಪ್ರತ್ಯೇಕ ಪ್ರತಿ ಇಡಿ.

ಸಶಸ್ತ್ರ ಕಾವಲುಗಾರನ ವಿಷಯದಲ್ಲಿ ಇಂಡಿಯಾನಾ ಕಾನೂನೇ ಬಾಗಿಲು ತೆರೆದಿಟ್ಟಿದೆ, ಏಕೆಂದರೆ ಅಲ್ಲಿ ಬಂದೂಕು ಕರ್ತವ್ಯದ ಭಾಗ. ಆದರೂ ಪ್ರಶ್ನೆಯನ್ನು ಆ ಹುದ್ದೆಯ ನಮೂನೆಯಲ್ಲಿ ಮಾತ್ರ ಇಡಿ, ಮನೆಯ ಬಂದೂಕಿನ ಬಗ್ಗೆ ಅಲ್ಲೂ ಕೇಳಬೇಡಿ. ‘ಈ ಹುದ್ದೆಯ ಕರ್ತವ್ಯಕ್ಕಾಗಿ ಕಂಪನಿ ಒದಗಿಸುವ ಬಂದೂಕನ್ನು ಹೊಂದಲು ಫೆಡರಲ್ ಮತ್ತು ರಾಜ್ಯದ ಕಾನೂನಿನ ಪ್ರಕಾರ ನಿಮಗೆ ಅಡ್ಡಿ ಇಲ್ಲವೇ?’ ಎಂದು ಕೇಳಿ, ಹೌದು ಅಥವಾ ಇಲ್ಲ ಎಂಬ ಉತ್ತರಕ್ಕಷ್ಟೇ ಜಾಗ ಬಿಡಿ. ಕಾರಣ ಬರೆಯುವ ಸಾಲು ಬೇಡ. ಪೂರ್ವಾಪರದ ತಪಾಸಣೆಯನ್ನು ಕೆಲಸದ ಪ್ರಸ್ತಾಪ ಕೊಟ್ಟ ಮೇಲೆ, ಆ ಹುದ್ದೆಯ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಕ್ರಮದಲ್ಲಿ ಮಾಡಿಸಿ, ಅದರ ದಾಖಲೆಯನ್ನು ಮೇಲ್ವಿಚಾರಕರ ಕೈಗೆ ಸಿಗದಂತೆ ಬೇರೆ ಕಡತದಲ್ಲಿ ಇಡಿ.